ಚೆಂಡು ಬಂದರೆ ಮಗು ಕಣ್ಣು ಮುಚ್ಚುತ್ತಾ? ಹೀಗೆ ಕಲಿಸಿ

ಆಟದ ಪೀರಿಯಡ್ 40 ನಿಮಿಷ, ಮಕ್ಕಳು 40, ಚೆಂಡು ಒಂದೇ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೇ ಎಸೆಯುತ್ತಾ ಹೋದರೆ ಒಂದು ಮಗುವಿನ ಪಾಲಿಗೆ ಬರುವುದು ಒಂದು ನಿಮಿಷ. ಉಳಿದ 39 ನಿಮಿಷ ಅದು ಸುಮ್ನೆ ನಿಂತಿರಬೇಕು. ಇದರಲ್ಲಿ ಕಲಿಯುವುದೇನು? ಅದಕ್ಕೇ ಮೊದಲ ಕೆಲಸ, ಪ್ರತಿ ಮಗುವಿನ ಕೈಗೂ ಒಂದೊಂದು ಚೆಂಡು ಕೊಡುವುದು.

ದುಡ್ಡೇನೂ ಬೇಡ. ಹಳೆಯ ಸಾಕ್ಸ್ ತರಲು ಹೇಳಿ. ಹಳೆ ಪೇಪರನ್ನು ಮೂಸಂಬಿ ಗಾತ್ರಕ್ಕೆ ಉಂಡೆ ಮಾಡಿ ಸಾಕ್ಸ್‌ನ ತುದಿಗೆ ತುರುಕಿ. ಕುತ್ತಿಗೆ ತಿರುಚಿ, ಉಳಿದ ಬಟ್ಟೆಯನ್ನು ಉಂಡೆಯ ಮೇಲೆಯೇ ಮಗುಚಿ. ಮತ್ತೆ ತಿರುಚಿ, ಮತ್ತೆ ಮಗುಚಿ. ಕೊನೆಗೆ ನಾಲ್ಕು ಹೊಲಿಗೆ ಹಾಕಿದರೆ ಚೆಂಡು ಸಿದ್ಧ. ಇದು ಪುಟಿಯುವುದಿಲ್ಲ, ಆದರೆ ಮುಖಕ್ಕೆ ಬಡಿದರೂ ನೋವಾಗುವುದಿಲ್ಲ. ಶುರುವಿಗೆ ಬೇಕಿರುವುದು ಅದೇ.

ಒಂದು, ಎರಡನೇ ಕ್ಲಾಸಿನವರಾದರೆ ಮೊದಲು ಉರುಳಿಸಲಿ. ಇಬ್ಬಿಬ್ಬರು ಎದುರುಬದುರು ಕಾಲಗಲಿಸಿ ಕೂತು, ಎರಡೂ ಕೈಯಲ್ಲಿ ಚೆಂಡು ತಡೆದು ವಾಪಸ್ ಕಳಿಸಲಿ. ಆಮೇಲೆ ಎದ್ದು ನಿಂತು ತಾವೇ ಹಣೆಯೆತ್ತರಕ್ಕೆ ಎಸೆದು ತಾವೇ ಹಿಡಿಯಲಿ. ಹತ್ತಕ್ಕೆ ಎಂಟು ಸಲ ಸಿಕ್ಕರೆ, ನಡುವೆ ಒಂದು ಚಪ್ಪಾಳೆ ಸೇರಿಸಿ. ಇದಕ್ಕೆ ಎರಡು ವಾರ ಹಿಡಿದರೂ ಅವಸರ ಮಾಡಬೇಡಿ.

ಇನ್ನು ಜೊತೆಗಾರರು ಎಸೆದದ್ದನ್ನು ಹಿಡಿಯುವುದು. ದೂರ ಆರು ಅಡಿ ಸಾಕು, ಕೆಳಗಿನಿಂದ ಮೆಲ್ಲಗೆ ಎಸೆಯಬೇಕು. ಚೆಂಡು ಎದೆಗಿಂತ ಮೇಲೆ ಬಂದರೆ ಹೆಬ್ಬೆರಳುಗಳು ಹತ್ತಿರ, ಬೆರಳು ಆಕಾಶಕ್ಕೆ. ಸೊಂಟಕ್ಕಿಂತ ಕೆಳಗೆ ಬಂದರೆ ಕಿರುಬೆರಳುಗಳು ಹತ್ತಿರ, ಬೆರಳು ನೆಲಕ್ಕೆ. ಮೊಣಕೈ ಸ್ವಲ್ಪ ಮಡಿಸಿರಬೇಕು. ಚೆಂಡು ತಾಗಿದ ಕೂಡಲೇ ಕೈಯನ್ನು ಮೈ ಕಡೆಗೆ ಎಳೆದುಕೊಳ್ಳಬೇಕು. ಕೈ ಹಲಗೆಯ ಹಾಗೆ ಬಿಗಿಯಾಗಿದ್ದರೆ ಚೆಂಡು ಚಿಮ್ಮಿ ಹೋಗುತ್ತದೆ. ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದ ನಮ್ಮ ರಾಹುಲ್ ದ್ರಾವಿಡ್ ಸ್ಲಿಪ್‌ನಲ್ಲಿ ನಿಂತ ವಿಡಿಯೊ ತೋರಿಸಿ. ಕೈಯನ್ನೇ ನೋಡಿ ಅನ್ನಿ.

ಆದರೆ ಕ್ಯಾಚ್ ಬಿಡಲು ಕೈಗಿಂತ ಭಯವೇ ಜಾಸ್ತಿ ಕಾರಣ. ನನ್ನ ಬಳಿ ಮೂರನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ಚೆಂಡು ಬಂತು ಅಂದರೆ ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡೂ ಕೈ ಮುಂದೆ ಚಾಚುತ್ತಿದ್ದಳು. ಯಾವಾಗಲೋ ಟೆನಿಸ್ ಬಾಲ್ ಮೂಗಿಗೆ ಬಡಿದಿತ್ತಂತೆ. ‘ಕಣ್ಣು ಬಿಡು’ ಅಂತ ಎಷ್ಟು ಸಲ ಹೇಳಿದರೂ ಆಗಲಿಲ್ಲ. ಒಂದು ದಿನ ಬಿಳಿ ಸಾಕ್ಸ್ ಚೆಂಡಿನ ಸುತ್ತ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ ಕ, ಮ, ಲ ಬರೆದೆ. ‘ಹಿಡೀಬೇಡ ಪುಟ್ಟಿ, ಯಾವ ಅಕ್ಷರ ಕಾಣ್ತು ಅಂತ ಹೇಳು ಸಾಕು’ ಅಂದೆ. ನಾಲ್ಕನೇ ಸಲಕ್ಕೆ ‘ಮ!’ ಅಂತ ಕೂಗಿದಳು. ಚೆಂಡು ಅವಳ ಎರಡು ಕೈಯ ನಡುವೆಯೇ ಇತ್ತು. ಈಗ ಎಲ್ಲ ಕ್ಲಾಸಿಗೂ ಅಕ್ಷರದ ಚೆಂಡೇ ಬಳಸುತ್ತೇನೆ.

ಪುಟಿಸುವುದಕ್ಕೆ ರಬ್ಬರ್ ಚೆಂಡು ಬೇಕು. ಬ್ಯಾಸ್ಕೆಟ್‌ಬಾಲ್ ಇದ್ದರೆ 5ನೇ ಸೈಜಿನದು ತನ್ನಿ, ದೊಡ್ಡವರ 7ನೇ ಸೈಜು ಪುಟ್ಟ ಕೈಗೆ ಭಾರ. ಅಂಗೈಯಿಂದ ಬಡಿಯಬಾರದು, ಬೆರಳುಗಳಿಂದ ಒತ್ತಬೇಕು. ಚೆಂಡು ಸೊಂಟದೆತ್ತರ ದಾಟಬಾರದು. ನಿಂತಲ್ಲೇ ಬಂದ ಮೇಲೆ ನಡೆಯುತ್ತಾ, ಆಮೇಲೆ ಎಡಗೈಯಲ್ಲಿ. ನೀವು ಎದುರು ನಿಂತು ಬೆರಳು ತೋರಿಸಿ, ಎಷ್ಟು ಅಂತ ಮಕ್ಕಳು ಕೂಗಿ ಹೇಳಲಿ. ಆಗ ತಲೆ ತಾನಾಗಿ ಮೇಲೇಳುತ್ತದೆ.

ಎಸೆಯುವುದರಲ್ಲಿ ಸಾಮಾನ್ಯ ತಪ್ಪು ಒಂದೇ: ಬಲಗೈಯಲ್ಲಿ ಎಸೆಯುವಾಗ ಬಲಗಾಲನ್ನೇ ಮುಂದಿಡುವುದು. ನೆಲದ ಮೇಲೆ ಸೀಮೆಸುಣ್ಣದಿಂದ ಎಡ ಹೆಜ್ಜೆಯ ಗುರುತು ಬರೆದು, ಅದನ್ನು ತುಳಿದು ಎಸೆಯಿರಿ ಅನ್ನಿ. ಎಡಚರಿಗೆ ಬಲ ಹೆಜ್ಜೆ.

ಇಷ್ಟು ಬಂದ ಮೇಲೆ ಲಗೋರಿ ಆಡಿಸಿ. ಏಳು ಕಲ್ಲು, ಒಂದು ಸಾಕ್ಸ್ ಚೆಂಡು. ಗುರಿಯಿಡುವುದು, ಹಿಡಿಯುವುದು, ಓಡುತ್ತಾ ಎಸೆಯುವುದು ಎಲ್ಲವೂ ಅದರಲ್ಲೇ ಇದೆ. ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು ಅನ್ನುವ ನಿಯಮ ಮೊದಲೇ ಹೇಳಿಬಿಡಿ. ಗುಂಪಿಗೆ ಎಂಟು ಮಕ್ಕಳಿಗಿಂತ ಜಾಸ್ತಿ ಬೇಡ. 40 ಮಕ್ಕಳಿದ್ದರೆ ಐದು ಕಡೆ ಕಲ್ಲು ಜೋಡಿಸಿ.