ತಾಯಿಯ ಮನಸ್ಸಿನ ಆರೈಕೆ: ಬೇರೆ ನಾಡಿನ ಕಾರ್ಯಕ್ರಮವನ್ನು ನಮ್ಮೂರಿಗೆ ಹೊಂದಿಸುವುದು ಹೇಗೆ?

ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ಮನೋವೈದ್ಯ ಆತಿಫ್ ರೆಹಮಾನ್ ಮತ್ತು ಸಂಗಡಿಗರು ಬಸುರಿ, ಬಾಣಂತಿಯರ ಖಿನ್ನತೆಗಾಗಿ ‘ಥಿಂಕಿಂಗ್ ಹೆಲ್ದಿ’ ಎಂಬ ಕಾರ್ಯಕ್ರಮ ರೂಪಿಸಿದರು. ನಡೆಸಿದವರು ಡಾಕ್ಟರುಗಳಲ್ಲ, ಇದಕ್ಕೆಂದೇ ತರಬೇತಿ ಪಡೆದು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರು. 2008ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮಗುವಿಗೆ ಆರು ತಿಂಗಳಾದಾಗ ಈ ನೆರವು ಪಡೆದ ತಾಯಂದಿರಲ್ಲಿ ಶೇ 23ರಷ್ಟು ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು. ಈ ವಿಶೇಷ ತರಬೇತಿ ಇಲ್ಲದವರು ಅಷ್ಟೇ ಸಲ ಭೇಟಿ ಕೊಟ್ಟ ಮನೆಗಳಲ್ಲಿ ಶೇ 53. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಕೈಪಿಡಿ ಹೊರತಂದಿತು. ಅದನ್ನು ನಮ್ಮ ಊರಿನಲ್ಲಿ ನಡೆಸಬೇಕೆಂದರೆ ಏನು ಮಾಡಬೇಕು?

ಮೊದಲು, ಯಾವುದನ್ನು ಮುಟ್ಟಬಾರದು ಎಂದು ಗೊತ್ತುಮಾಡಿಕೊಳ್ಳಿ. ಸುಮ್ನೆ ಹೋಗಿ ಮಾತಾಡಿಸಿದರೆ ಸಾಲದು ಎನ್ನುವುದನ್ನು ಆ ಅಂಕಿಗಳೇ ಹೇಳುತ್ತವೆ. ಕುಗ್ಗಿಸುವ ಯೋಚನೆಯನ್ನು ಗುರುತಿಸುವುದು, ಅದರ ಜಾಗಕ್ಕೆ ನೆರವಾಗುವ ಯೋಚನೆ ತರುವುದು, ಮುಂದಿನ ಭೇಟಿಯೊಳಗೆ ಒಂದು ಚಿಕ್ಕ ಕೆಲಸ ಮಾಡಿ ನೋಡುವುದು. ಇದು ತಿರುಳು. ಉಳಿದದ್ದನ್ನು ಊರಿಗೆ ತಕ್ಕಂತೆ ಬದಲಿಸಬಹುದು.

ಆಮೇಲೆ ಮನೆಯವರನ್ನು ಒಪ್ಪಿಸಿ. ರಾವಲ್ಪಿಂಡಿಯಲ್ಲಿ ‘ನಿಮ್ಮ ಸೊಸೆಗೆ ಮಾನಸಿಕ ಕಾಯಿಲೆ’ ಎನ್ನುತ್ತಾ ಯಾರೂ ಬಾಗಿಲು ತಟ್ಟಲಿಲ್ಲ. ತಾಯಿ, ಮಗು ಇಬ್ಬರೂ ಚೆನ್ನಾಗಿರಲಿ ಎಂಬ ಮಾತಿನಿಂದ ಶುರುಮಾಡಿದರು. ಮಗು ಚೆನ್ನಾಗಿರಬೇಕೆಂದು ಯಾವ ಮನೆಗೆ ಆಸೆ ಇರಲ್ಲ? ಅತ್ತೆಯನ್ನೂ ಜೊತೆಗೆ ಸೇರಿಸಿಕೊಂಡರು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಚೊಚ್ಚಲ ಬಾಣಂತನ ಸಾಮಾನ್ಯವಾಗಿ ತವರಿನಲ್ಲಿ. ಅಲ್ಲಿ ಮಾತು ನಡೆಯುವುದು ಅಮ್ಮನದು, ಕೆಲವು ತಿಂಗಳಾದ ಮೇಲೆ ಗಂಡನ ಮನೆಯಲ್ಲಿ ಅತ್ತೆಯದು. ಹೆರಿಗೆಯ ನಂತರ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಆದರೆ ಊರು ಬದಲಾದ ಕೂಡಲೇ ಕಾರ್ಯಕರ್ತೆಯೂ ಬದಲಾಗುತ್ತಾರೆ. ತವರಿನಿಂದ ಹೊರಡುವ ಮೊದಲೇ, ಬಾಣಂತಿಯ ಒಪ್ಪಿಗೆ ಪಡೆದು, ಗಂಡನ ಊರಿನ ಆಶಾಗೆ ಫೋನ್ ಮಾಡಿ ವಿಷಯ ಹೇಳುವ ಏರ್ಪಾಡು ಇರಲೇಬೇಕು. ಬೇರೆ ನಾಡಿನ ಕೈಪಿಡಿಯಲ್ಲಿ ಇದನ್ನು ಹುಡುಕಬೇಡಿ, ನೀವೇ ಬರೆದು ಸೇರಿಸಿ.

ಯಾರು ಹೋಗಬೇಕು? ಗೋವಾದಲ್ಲಿ ‘ಸಂಗಾತ್’ ಸಂಸ್ಥೆ ಇದೇ ಕಾರ್ಯಕ್ರಮವನ್ನು ಸ್ಥಳೀಯ ಹೆಂಗಸರಿಗೇ ಕಲಿಸಿ ನಡೆಸಿತು. ಅವರನ್ನು ‘ಸಖಿ’ ಎಂದು ಕರೆದರು. ಆಶಾಗಳಿಗೆ ಈಗಲೇ ಕೆಲಸ ಜಾಸ್ತಿ, ಹಾಗಾಗಿ ಈ ದಾರಿ ನನಗೆ ಹಿಡಿಸುತ್ತದೆ. ಆದರೆ ಪಕ್ಕದ ಮನೆಯವರೇ ಸಖಿಯಾದರೆ ಬಾಣಂತಿ ಬಾಯಿ ಬಿಡುವುದು ಕಷ್ಟ. ಒಂದೆರಡು ಬೀದಿ ಆಚೆಯವರಾದರೆ ಒಳ್ಳೆಯದು.

ಪ್ರಶ್ನೆ ಕೇಳುವ ಹೊತ್ತು ನೋಡಿಕೊಳ್ಳಿ. ಬಾಣಂತಿಯರ ಖಿನ್ನತೆ ಗುರುತಿಸಲು 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆಗಳಿವೆ. ಪರೀಕ್ಷಿಸಿದ ಕನ್ನಡ ರೂಪವೂ ಇದೆ, ನೀವೇ ಅನುವಾದಿಸಲು ಹೋಗಬೇಡಿ. ನಾಲ್ಕು ಜನರ ಮುಂದೆ ಕೇಳಿದರೆ ‘ಏನಿಲ್ಲಕ್ಕ, ಚೆನ್ನಾಗಿದೀನಿ’ ಎಂಬ ಉತ್ತರವೇ ಬರುತ್ತದೆ. ಅಜ್ಜಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಿಗೆ ಹೋಗಿ. ಬಾಣಂತಿ ಒಬ್ಬಳೇ ಸಿಗುತ್ತಾಳೆ. ‘ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತೇನಮ್ಮಾ?’ ಎಂದು ಮಾತು ತೆಗೆಯಿರಿ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಮುಜುಗರವಾದರೂ ಅದನ್ನು ಬಿಡಬೇಡಿ.

ಉದಾಹರಣೆಗಳು ನಮ್ಮ ಮನೆಗಳವೇ ಆಗಿರಲಿ. ‘ಹಾಲು ಸಾಲ್ತಿಲ್ಲ, ತಪ್ಪೆಲ್ಲ ನಂದೇ’ ಎನ್ನುವ ಯೋಚನೆಯಿಂದ ಶುರುಮಾಡಬಹುದು. ‘ಇದೂ ಹೆಣ್ಣೇ ಆಯ್ತು’ ಎಂದು ಮನೆಯವರು ಚುಚ್ಚುತ್ತಿದ್ದರೆ ತಾಯಿಯ ಯೋಚನೆ ತಿದ್ದುವುದು ಅನ್ಯಾಯ, ಅಲ್ವಾ? ಅಲ್ಲಿ ಮಾತಾಡಬೇಕಾದದ್ದು ಮನೆಯವರ ಜೊತೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸಾಂಬ್ರಾಣಿ ಹೊಗೆಯ ವಿಷಯಕ್ಕೆ ಜಗಳ ಬೇಡ. ಹೊಗೆ ಕೋಣೆಯಲ್ಲಿ ತುಂಬದಂತೆ, ಮಗುವಿಗೆ ತಾಗದಂತೆ ನೋಡಿಕೊಂಡರಾಯಿತು. ನೀರು ಕೊಡದೆ, ಪಥ್ಯದ ಹೆಸರಿನಲ್ಲಿ ಹೊಟ್ಟೆ ತುಂಬ ಊಟ ಕೊಡದೆ ಇದ್ದರೆ ಸುಮ್ಮನಿರಬೇಡಿ.

ಕೈ ಮೀರಿದ್ದನ್ನು ಗುರುತಿಸಲು ಎಲ್ಲರಿಗೂ ಕಲಿಸಿ. ನಿದ್ದೆ ಪೂರ್ತಿ ಬಿಟ್ಟುಹೋಗಿದೆ, ಮಾತು ಅಸಂಬದ್ಧವಾಗಿದೆ, ಮಗುವಿನ ಮೇಲೆ ಏನೇನೋ ಅನುಮಾನ ಎಂದಾದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಾಯುವ ಮಾತು ಬಂದರೂ ಅಷ್ಟೇ. ತಾಯಿಯನ್ನು ಒಬ್ಬಳೇ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಾರ್ಡ್ ಇದೆ. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416, ಕನ್ನಡದಲ್ಲೂ ಮಾತಾಡಬಹುದು. ಮೊದಲ ಭೇಟಿಯಲ್ಲೇ ಅದನ್ನು ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದುಕೊಡಿ.