ಮಕ್ಕಳ ಮೂಗಿನ ಆಪರೇಷನ್: ಯಾವಾಗ ಬೇಕು, ಹೇಗೆ ಸಿದ್ಧರಾಗಬೇಕು

3ರಿಂದ 7 ವರ್ಷದ ಮಗು ರಾತ್ರಿಯಿಡೀ ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುತ್ತಿದ್ದರೆ ಮೊದಲು ನೋಡಿಸಬೇಕಾದ್ದು ಅಡಿನಾಯ್ಡ್. ಮೂಗಿನ ಹಿಂದೆ, ಅಂಗುಳದ ಮೇಲಿರುವ ಈ ಮಾಂಸಲ ಭಾಗ ಆ ವಯಸ್ಸಿನಲ್ಲೇ ಅತಿ ದೊಡ್ಡದು. ಹರೆಯದ ಹೊತ್ತಿಗೆ ತಾನಾಗಿ ಕುಗ್ಗುತ್ತದೆ. ಆದ್ದರಿಂದ ದೊಡ್ಡದಾಗಿದೆ ಎಂಬುದೊಂದೇ ಆಪರೇಷನ್‌ಗೆ ಕಾರಣವಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಕಿವಿಯೊಳಗೆ ನೀರು ತುಂಬಿ ಕೇಳಿಸದಿರುವುದು ಕಾರಣ. ಮಲಗಿದ ಮಗುವಿನ ಉಸಿರಾಟವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಬಾಯಿಮಾತಿನ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ. ಎಕ್ಸ್‌ರೇ ತೆಗೆಯುವಾಗ ಮಗು ಅತ್ತರೆ ಅಂಗುಳ ಮೇಲೆದ್ದು, ಇಲ್ಲದ ಅಡಚಣೆ ಇದ್ದಂತೆ ಕಾಣುತ್ತದೆ. ಸಮಾಧಾನಪಡಿಸಿ, ಬಾಯಿ ಮುಚ್ಚಿಸಿ ತೆಗೆಸಿ.

ತೊಂದರೆ ತೀವ್ರವಲ್ಲದಿದ್ದರೆ ಸಾಮಾನ್ಯವಾಗಿ 6ರಿಂದ 12 ವಾರ ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು ನೋಡುತ್ತಾರೆ. ಹೊಡೆಯುವ ರೀತಿ ತಪ್ಪಿದರೆ ಅದು ವ್ಯರ್ಥ. ಮೊದಲು ಸಲೈನ್ (ಉಪ್ಪುನೀರಿನ ಹನಿ) ಹಾಕಿ ಮೂಗು ಸ್ವಚ್ಛ ಮಾಡಿಸಿ. ತಲೆ ತುಸು ಮುಂದೆ ಬಾಗಿರಲಿ. ಹಿಂದಕ್ಕೆ ವಾಲಿಸಿದರೆ ಔಷಧಿ ಗಂಟಲಿಗಿಳಿಯುತ್ತದೆ. ಸ್ಪ್ರೇಯ ತುದಿ ಅದೇ ಬದಿಯ ಕಿವಿಯ ಕಡೆಗಿರಲಿ, ಎರಡು ಹೊಳ್ಳೆಗಳ ನಡುವಿನ ನಡುಗೋಡೆಗೆ ಹೊಡೆದರೆ ರಕ್ತ ಒಸರಬಹುದು.

ಆಪರೇಷನ್ನೇ ಎಂದಾದರೆ, ಮಗುವಿನ ಕಿರುನಾಲಿಗೆ ಸೀಳಿದಂತಿದೆಯೇ ಎಂದು ಕೇಳಿ. ಹಾಗಿದ್ದರೆ ಅಂಗುಳದಲ್ಲೂ ಮರೆಯಾದ ಸೀಳಿರಬಹುದು; ಆಗ ಅಡಿನಾಯ್ಡ್ ಪೂರ್ತಿ ತೆಗೆದರೆ ಮಾತು ಮೂಗಿನಲ್ಲೇ ಉಳಿಯಬಹುದು. ಅಲ್ಲಾಡುವ ಹಲ್ಲು, ಮನೆಯಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ, ಹೊಸದಾಗಿ ಬಂದ ಜ್ವರ, ಕೆಮ್ಮು ಎಲ್ಲವನ್ನೂ ಅರಿವಳಿಕೆ ಡಾಕ್ಟರಿಗೆ ತಿಳಿಸಿ. ಊಟ, ಹಾಲು 6 ಗಂಟೆ ಮೊದಲೇ ನಿಲ್ಲಬೇಕು. ತಿಳಿ ನೀರು ಎಷ್ಟು ಹೊತ್ತಿನವರೆಗೆ ಎಂದು ಅವರನ್ನೇ ಕೇಳಿ. ಅಳುತ್ತದೆಂದು ಅಜ್ಜಿ ಒಂದು ಬಿಸ್ಕತ್ತು ಕೊಟ್ಟರೂ ಆಪರೇಷನ್ ಮುಂದೂಡಬೇಕಾಗುತ್ತದೆ, ಏಕೆಂದರೆ ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯ ನಿಜವಾದದ್ದು.

ಅಡಿನಾಯ್ಡನ್ನು ಸಾಮಾನ್ಯವಾಗಿ ಬಾಯಿಯ ಮೂಲಕವೇ ತೆಗೆಯುತ್ತಾರೆ, ಮುಖದ ಮೇಲೆ ಗಾಯವಿರುವುದಿಲ್ಲ. ಒಂದೆರಡು ವಾರ ಬಾಯಿ ವಾಸನೆ ಇರುವುದು ಸಹಜ. ನೋವಿಗೆ ಪ್ಯಾರಾಸಿಟಮಾಲ್, ಕೆಜಿ ತೂಕಕ್ಕೆ 15 ಮಿ.ಗ್ರಾಂನಂತೆ 6 ಗಂಟೆಗೊಮ್ಮೆ, ದಿನಕ್ಕೆ 4 ಸಲ ಮೀರದಂತೆ. 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇರುವ ಬಾಟಲಿಯೂ ಇದೆ, 250 ಇರುವುದೂ ಇದೆ. ಚೀಟಿ ಓದದೆ ಕೊಟ್ಟರೆ ಡೋಸ್ ದುಪ್ಪಟ್ಟಾಗುತ್ತದೆ. ಕೋಡೀನ್ ಇರುವ ಔಷಧಿ ಬೇಡವೇ ಬೇಡ, ಮಕ್ಕಳ ಉಸಿರಾಟವನ್ನೇ ಕುಗ್ಗಿಸೀತು. ಮೆತ್ತಗಿನ ಇಡ್ಲಿ, ಗಂಜಿ, ಮೊಸರನ್ನ ಸಾಕು. ತಾಜಾ ಕೆಂಪು ರಕ್ತ ಬಂದರೆ, ಅಥವಾ ಮಲಗಿದ ಮಗು ಪದೇ ಪದೇ ನುಂಗುತ್ತಿದ್ದರೆ, ಕಾಯದೆ ಆಸ್ಪತ್ರೆಗೆ ಹೊರಡಿ. ಒಳಗೆ ಸುರಿಯುವ ರಕ್ತವನ್ನು ಮಕ್ಕಳು ನುಂಗಿಬಿಡುತ್ತಾರೆ.

ಹರೆಯದವರಲ್ಲಿ ಕಥೆ ಬೇರೆ. ಸೊಟ್ಟಗಿರುವ ನಡುಗೋಡೆಯನ್ನು ಸರಿಪಡಿಸಲು ಸಾಮಾನ್ಯವಾಗಿ ಹುಡುಗಿಯರಿಗೆ 16, ಹುಡುಗರಿಗೆ 17-18ರವರೆಗೆ ಕಾಯುತ್ತಾರೆ, ಏಕೆಂದರೆ ಮೂಗು ಬೆಳೆಯುವುದೇ ಆ ಗೋಡೆಯಲ್ಲಿರುವ ಮೃದ್ವಸ್ಥಿಯಿಂದ (ಮೆತ್ತನೆಯ ಮೂಳೆಯಿಂದ). ಉಸಿರಾಟಕ್ಕೆ ಬಹಳ ಅಡ್ಡಿಯಾದರೆ ಮಾತ್ರ ಮೊದಲೇ, ಮಿತವಾಗಿ. ಆದರೆ ಆಟದಲ್ಲಿ ಪೆಟ್ಟು ಬಿದ್ದು ನಡುಗೋಡೆಯ ಎರಡೂ ಬದಿ ಮೆತ್ತಗೆ ಊದಿಕೊಂಡರೆ ಅದು ಹೆಪ್ಪುಗಟ್ಟಿದ ರಕ್ತ; ಅಂದೇ ತೆಗೆಸದಿದ್ದರೆ ಮೃದ್ವಸ್ಥಿ ಕರಗಿ ಮೂಗು ಕುಸಿಯುತ್ತದೆ. ಹದಿಹರೆಯದ ಹುಡುಗನಿಗೆ ಒಂದೇ ಬದಿ ಮೂಗು ಕಟ್ಟಿ, ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ ರಕ್ತನಾಳಗಳ ಗಡ್ಡೆ ಇರಬಹುದು. ಸ್ಕ್ಯಾನ್ ಆಗುವವರೆಗೆ ಪರೀಕ್ಷೆಗೆಂದು ಅದರ ತುಣುಕು ತೆಗೆಯಲು ಒಪ್ಪಬೇಡಿ.