ಪ್ರಾಸ್ಟೇಟ್ ಕ್ಯಾನ್ಸರ್: ಯಜಮಾನರ ಜೊತೆ ಮೊದಲ ಸಲ ಡಾಕ್ಟರ್ ಹತ್ತಿರ ಹೋಗುವ ಮುಂಚೆ

ಯಜಮಾನರಿಗೆ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಚೀಲದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಅಂತ ಬಯಾಪ್ಸಿ, ಅಂದರೆ ಚೂರು ತೆಗೆದು ನೋಡಿದ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದಿದೆ. ಮುಂದಿನ ವಾರ ಮುಂಬೈಯ ಪರೇಲ್‌ನಲ್ಲೋ ಥಾಣೆಯಲ್ಲೋ ಡಾಕ್ಟರನ್ನು ನೋಡಬೇಕು. ಅಷ್ಟರೊಳಗೆ ಮನೆಯಾಕೆಯಾಗಿ ನೀವು ಮಾಡಬೇಕಾದದ್ದು ಎರಡು: ಕಾಗದ ಜೋಡಿಸುವುದು, ಅವರ ಜೊತೆ ಕೂತು ಮಾತಾಡುವುದು. ಮೊದಲನೆಯದು ಬರೀ ಓಡಾಟ. ಎರಡನೆಯದನ್ನೇ ನಮ್ಮವರು ಮುಂದೂಡುತ್ತಾ ಹೋಗುತ್ತಾರೆ.

ಕಾಗದದಿಂದಲೇ ಶುರು ಮಾಡೋಣ. ಬಯಾಪ್ಸಿ ಮಾಡಿದ ಲ್ಯಾಬ್‌ನಲ್ಲಿ ತೆಗೆದ ಚೂರುಗಳನ್ನಿಟ್ಟ ಗಾಜಿನ ಸ್ಲೈಡ್‌ಗಳು, ಮೇಣದ ಬ್ಲಾಕ್‌ಗಳು ಇರುತ್ತವೆ. ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಹೊರಗಿನ ರಿಪೋರ್ಟನ್ನಷ್ಟೇ ನೋಡಿ ಮುಂದುವರಿಯುವುದಿಲ್ಲ, ಸ್ಲೈಡ್ ಮತ್ತು ಬ್ಲಾಕ್ ತರಿಸಿ ತಮ್ಮಲ್ಲೇ ಇನ್ನೊಮ್ಮೆ ನೋಡುತ್ತಾರೆ. ಅವು ಇಲ್ಲದಿದ್ದರೆ ಆ ದಿನ ಸುಮ್ನೆ ಹೋಗಿ ಬಂದಂತೆ. ಲ್ಯಾಬ್‌ಗೆ ಇವತ್ತೇ ಫೋನ್ ಮಾಡಿ. ಎಂಆರ್‌ಐ ಆಗಿದ್ದರೆ ರಿಪೋರ್ಟ್ ಜೊತೆ ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ. ಹಳೆಯ ಪಿಎಸ್‌ಎ (ಪ್ರಾಸ್ಟೇಟ್‌ಗಾಗಿ ಮಾಡುವ ರಕ್ತಪರೀಕ್ಷೆ) ರಿಪೋರ್ಟ್‌ಗಳು ಎಲ್ಲೆಲ್ಲಿ ಇವೆಯೋ ಹುಡುಕಿ, ತಾರೀಖಿನ ಪ್ರಕಾರ ಒಂದೇ ಹಾಳೆಯಲ್ಲಿ ಬರೆದಿಡಿ. ಒಂದು ಸಲದ ಪಿಎಸ್‌ಎಗಿಂತ ಅದು ಹೇಗೆ ಏರುತ್ತಾ ಬಂತು ಅನ್ನುವುದು ಡಾಕ್ಟರಿಗೆ ಜಾಸ್ತಿ ಹೇಳುತ್ತದೆ.

ಮಾತ್ರೆಗಳ ಪಟ್ಟಿ ಬರೆಯುವುದಕ್ಕಿಂತ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಪ್ರಾಸ್ಟೇಟ್ ದೊಡ್ಡದಾಗಿದೆ ಅಂತ ಕೆಲವರಿಗೆ ವರ್ಷಗಟ್ಟಲೆ ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಕೊಟ್ಟಿರುತ್ತಾರೆ. ಈ ಮಾತ್ರೆಗಳನ್ನು ಆರು ತಿಂಗಳು, ವರ್ಷ ತೆಗೆದುಕೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ರಿಪೋರ್ಟ್‌ನಲ್ಲಿ 5 ಇದ್ದರೆ ಅದನ್ನು 10 ಅಂತ ಲೆಕ್ಕ ಹಿಡಿಯಬೇಕಾಗಬಹುದು. ಇದು ಡಾಕ್ಟರಿಗೆ ಗೊತ್ತಾಗಲೇಬೇಕು. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇದ್ದರೂ ಹೇಳಿ, ಆದರೆ ನೀವಾಗಿ ನಿಲ್ಲಿಸಬೇಡಿ. ಊರಿನಿಂದ ಭಾವ ಕಳಿಸಿಕೊಟ್ಟ ಕಷಾಯದ ಪುಡಿಯನ್ನೂ ಮುಚ್ಚಿಡಬೇಡಿ. ಯಜಮಾನರ ಅಪ್ಪನಿಗೆ, ಅಣ್ಣತಮ್ಮಂದಿರಿಗೆ ಈ ಕಾಯಿಲೆ ಇತ್ತಾ, ಅಕ್ಕತಂಗಿಯರಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ ಅಂತಲೂ ಊರಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಹೆಸರಿನ ತಕರಾರು ಮುಂಬೈ ಕನ್ನಡಿಗರಾದ ನಮ್ಮವರಿಗೆ ಇದ್ದದ್ದೇ. ಒಂದು ಕಾಗದದಲ್ಲಿ ಊರಿನ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಮಹಾರಾಷ್ಟ್ರದ ರೂಢಿಯಂತೆ ಅಪ್ಪನ ಹೆಸರು ನಡುವೆ. ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸುವಾಗ ಆಧಾರ್, ಇನ್ಶೂರೆನ್ಸ್ ಪಾಲಿಸಿ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ. ವ್ಯತ್ಯಾಸ ಇದ್ದರೆ ಇನ್ಶೂರೆನ್ಸ್‌ನವರನ್ನು ಈಗಲೇ ಕೇಳಿ, ಕ್ಲೈಮ್ ಹೊತ್ತಿಗೆ ಅಲ್ಲ.

ಇನ್ನು ರಿಪೋರ್ಟ್. ಬಯಾಪ್ಸಿ ರಿಪೋರ್ಟ್‌ನಲ್ಲಿ ಗ್ಲೀಸನ್ ಸ್ಕೋರ್ ಅಂತ ಇರುತ್ತದೆ, ಅಂದರೆ ಕ್ಯಾನ್ಸರ್ ಎಷ್ಟು ಚುರುಕು ಅನ್ನುವುದರ ಅಂಕ. 6 ಇದ್ದರೆ ಮೆಲ್ಲಗೆ ಬೆಳೆಯುವ ಜಾತಿ, 8ರಿಂದ 10 ಇದ್ದರೆ ಚುರುಕು. 7ರಲ್ಲಿ ಮಾತ್ರ ಎರಡು ಬಗೆ. 3+4 ಮತ್ತು 4+3 ಕೂಡಿದರೆ ಒಂದೇ, ಆದರೆ ಕಾಯಿಲೆಯ ಲೆಕ್ಕದಲ್ಲಿ ಒಂದೇ ಅಲ್ಲ, ಎರಡನೆಯದು ಸ್ವಲ್ಪ ಜೋರು. ಇಷ್ಟು ಗೊತ್ತಿದ್ದರೆ ಸಾಕು. ರಾತ್ರಿಯೆಲ್ಲಾ ಯೂಟ್ಯೂಬ್ ನೋಡಬೇಡಿ.

ಈಗ ಕಷ್ಟದ ಮಾತು. ಡಾಕ್ಟರ ಕೋಣೆಯೊಳಗೆ ಯಾರು ಬರಬೇಕು ಅಂತ ಅವರನ್ನೇ ಕೇಳಿ. ಮಗ ಜೊತೆಗೆ ಕೂತಿದ್ದರೆ ಎಷ್ಟೋ ಗಂಡಸರು ಬಾಯಿ ಬಿಡುವುದಿಲ್ಲ. ಸೊಸೆ ಇದ್ದರಂತೂ ಮುಗಿದೇ ಹೋಯಿತು. ಯಾಕೆಂದರೆ ಇಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಉಚ್ಚೆ ಸೋರುವುದರ ಬಗ್ಗೆ, ಗಂಡ ಹೆಂಡತಿ ಸಂಬಂಧದ ಬಗ್ಗೆ. ಆಪರೇಷನ್ ಆದ ಮೇಲೆ ಎಷ್ಟು ತಿಂಗಳು ಪ್ಯಾಡ್ ಬೇಕಾಗಬಹುದು, ನಿಮಿರುವಿಕೆ ಉಳಿಯುತ್ತದಾ, ಅದರ ನರ ಉಳಿಸಿ ಆಪರೇಷನ್ ಮಾಡಲು ಆಗುತ್ತದಾ, ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಆಸೆಯೇ ಹೋಗಿಬಿಡುತ್ತದಾ. ಇವನ್ನು ನಾನು ಕೇಳಲಾ, ನೀವು ಕೇಳುತ್ತೀರಾ ಅಂತ ಹಿಂದಿನ ರಾತ್ರಿಯೇ ತೀರ್ಮಾನ ಆಗಲಿ. "ಈ ವಯಸ್ಸಿನಲ್ಲಿ ಅದೆಲ್ಲಾ ಯಾಕೆ" ಅಂತ ಅವರು ತಳ್ಳಿಹಾಕಬಹುದು. ಒತ್ತಾಯ ಬೇಡ, ಆದರೆ ಅವರು ಬೇಡ ಅಂದದ್ದು ನಾಚಿಕೆಗೋ ನಿಜವಾಗಿ ಬೇಡವೋ ಅನ್ನುವುದು ನಿಮಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು, ಅಲ್ವಾ? ಬಾಯಲ್ಲಿ ಕೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಅವರಿಗೆ ಇದು ದಿನನಿತ್ಯದ ಮಾತು.

ಉಳಿದ ಪ್ರಶ್ನೆಗಳಲ್ಲಿ ಎರಡನ್ನು ಬಿಡಬೇಡಿ. ಕ್ಯಾನ್ಸರ್ ಪ್ರಾಸ್ಟೇಟ್ ಒಳಗೇ ಇದೆಯಾ, ಹೊರಗೆ ಹೋಗಿದೆಯಾ, ಅದನ್ನು ತಿಳಿಯಲು ಇನ್ನು ಯಾವ ಸ್ಕ್ಯಾನ್ ಬೇಕು? ಒಳಗೇ ಇದ್ದರೆ ಆಪರೇಷನ್ ಮಾಡುವವರ ಜೊತೆಗೆ ರೇಡಿಯೇಷನ್ ಡಾಕ್ಟರನ್ನೂ ಕಂಡು ತೀರ್ಮಾನ ಮಾಡಬಹುದಾ? ಕೆಲವರಿಗೆ ಚಿಕಿತ್ಸೆ ಶುರು ಮಾಡದೆ ಪಿಎಸ್‌ಎ, ಎಂಆರ್‌ಐ ಮಾಡಿಸುತ್ತಾ ಕಾದು ನೋಡುವುದೂ ಸರಿಯಾದ ದಾರಿಯೇ. ಸಾಮಾನ್ಯವಾಗಿ ಈ ಕಾಯಿಲೆಯಲ್ಲಿ ಯೋಚಿಸಲು ಕೆಲವು ವಾರ ಸಿಗುತ್ತದೆ, ಹಾಗಾಗಿ ಅವತ್ತೇ ಹೂಂ ಅನ್ನಬೇಕಾಗಿಲ್ಲ.

ಆದರೆ ಕೆಲವಕ್ಕೆ ಅಪಾಯಿಂಟ್‌ಮೆಂಟ್ ತನಕ ಕಾಯಬಾರದು. ಬಯಾಪ್ಸಿ ಆದ ಮೇಲೆ ಚಳಿಜ್ವರ, ಉಚ್ಚೆ ಪೂರ್ತಿ ಕಟ್ಟಿಕೊಳ್ಳುವುದು, ಬೆನ್ನುನೋವಿನ ಜೊತೆ ಕಾಲು ಸೋಲುವುದು ಅಥವಾ ಜೋಮು ಹಿಡಿಯುವುದು. ಇದರಲ್ಲಿ ಯಾವುದಾದರೂ ಕಂಡರೆ ಆಗಲೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಹೋಗುವ ದಿನದ ಮಾತು. ಡೊಂಬಿವಲಿ, ಕಲ್ಯಾಣದಿಂದ ಬರುವವರು ನೆನಪಿಡಿ, ಲೋಕಲ್ ರೈಲಿನಲ್ಲಿ ಶೌಚಾಲಯ ಇಲ್ಲ. ಪದೇ ಪದೇ ಉಚ್ಚೆಗೆ ಹೋಗಬೇಕಾದವರಿಗೆ ಅದೇ ದೊಡ್ಡ ಹಿಂಸೆ. ಬೆಳಗಿನ ರಶ್‌ಗಿಂತ ಮುಂಚೆ ಹೊರಡಿ. ಮಧ್ಯೆ ಒಂದು ಸ್ಟೇಷನ್‌ನಲ್ಲಿ ಇಳಿದು ಹತ್ತಿದರೂ ಅಡ್ಡಿಯಿಲ್ಲ ಅನ್ನುವಷ್ಟು ಹೊತ್ತು ಕೈಯಲ್ಲಿರಲಿ. ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಹತ್ತಬಹುದು, ಆಸ್ಪತ್ರೆಯ ಕಾಗದ ಜೊತೆಗಿರಲಿ. ಡಾಕ್ಟರು ಗುದದ್ವಾರದಿಂದ ಬೆರಳು ಹಾಕಿ ಪರೀಕ್ಷೆ ಮಾಡಬಹುದು ಅಂತ ಅವರಿಗೆ ಮೊದಲೇ ಹೇಳಿಡಿ, ಸುಲಭಕ್ಕೆ ಬಿಚ್ಚುವ ಪ್ಯಾಂಟ್ ಹಾಕಿಸಿ. ಶುಗರ್ ಇದ್ದರೆ ಡಬ್ಬಿಯಲ್ಲಿ ಇಡ್ಲಿಯೋ ಚಪಾತಿಯೋ ಇರಲಿ, ಕಾಯುವ ಹೊತ್ತು ಗಂಟೆಗಟ್ಟಲೆ ಆಗಬಹುದು.

ಒಳಗೆ ಹೋದ ಮೇಲೆ ಒಬ್ಬರು ಕೇಳಿ, ಒಬ್ಬರು ಬರೆದುಕೊಳ್ಳಿ. ಫೋನ್‌ನಲ್ಲಿ ರೆಕಾರ್ಡ್ ಮಾಡುವುದಾದರೆ ಡಾಕ್ಟರ ಒಪ್ಪಿಗೆ ಕೇಳಿ. ಎದ್ದು ಬರುವ ಮುಂಚೆ ಮುಂದಿನ ಟೆಸ್ಟ್ ಎಲ್ಲಿ, ಅದರ ರಿಪೋರ್ಟ್ ಯಾರಿಗೆ ತೋರಿಸಬೇಕು, ನಡುವೆ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ ಬರೆದುಕೊಂಡೇ ಎದ್ದೇಳಿ.